ನೀಲ್ಸ್ ಬೋರನ ಒಂದು ವರ್ಷ

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಪರಮಾಣುವಿನ ರಚನೆಯನ್ನು ಕುರಿತು ನಾಲ್ಕು ಮಾತು ಬರೆಯೆಂದರೆ ನನ್ನಿಂದಾಗದು. ಚರಿತ್ರೆ ಓದುವವನು ನೀಲ್ಸ್ ಬೋರನ ವಿಷಯವಾಗಿ ಬರೆಯಹೊರಟದ್ದನ್ನು ಕಂಡು ಭೌತವಿಜ್ಞಾನದ ಮಿತ್ರರು ನಗಬಹುದು. ನಕ್ಕರೆ ನನಗೆ ಬೇಸರವಿಲ್ಲ. ಎರಡನೆಯ ಮಹಾಯುದ್ಧದ ಪಾಠದಲ್ಲಿ ಡೆನ್ಮಾರ್ಕ್ ದೇಶಕ್ಕೆ ದೊರೆತ ಸ್ಥಳ ಒಂದೂವರೆ ಸಾಲು. 1940ರಲ್ಲಿ ಜರ್ಮನರು ಅದನ್ನು ಆಕ್ರಮಿಸಿದರು, 1945ರಲ್ಲಿ ಅದಕ್ಕೆ ಬಿಡುಗಡೆಯಾಯಿತು, ಇಷ್ಟೆ. ನಡುವಣ ಐದು ವರ್ಷ ಆ ಜನ ಹೇಗೆ ಬಾಳಿದರೆಂದು ತಿಳಿಯಲು ಗ್ರಂಥಾಲಯದಲ್ಲಿ ತಡಕಾಡುತ್ತಿದ್ದಾಗ ಬೋರನ ಕಥೆ ಕೈಗೆ ಸಿಕ್ಕಿತು.

ಇನ್ನೊಂದು ಕಾರಣವೂ ಉಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪರೀಕ್ಷೆ ಮುಗಿದೊಡನೆ ಊರಿಗೆ ಬಂದು ಹೊಲಮನೆ ನೋಡಿಕೊಂಡಿರಲೆಂದು ತಂದೆಯವರ ಅಪೇಕ್ಷೆ; ದೂರ ಹೋಗಿ ಮೇಲಿನ ಓದು ಓದಬೇಕೆಂದು ನನ್ನ ಆಸೆ. ಇರಬೇಕೋ ಹೊರಡಬೇಕೋ ಎಂಬ ಈ ಹೊಯ್ದಾಟದಲ್ಲಿರುವವನಿಗೆ, ಅದೇ ಪ್ರಶ್ನೆ ಇದಕ್ಕಿಂತ ಸಾವಿರ ಪಾಲು ದೊಡ್ಡದಾಗಿ ಒಬ್ಬ ಮಹಾನುಭಾವನ ಮುಂದೆ ನಿಂತದ್ದು ಕಂಡರೆ ಮನಸ್ಸು ಅಲ್ಲಿಯೇ ನೆಟ್ಟು ನಿಲ್ಲುವುದು ಸಹಜ.

ಬೋರನು ಹುಟ್ಟಿದ್ದು 1885ರ ಅಕ್ಟೋಬರ್ 7ರಂದು, ಕೋಪನ್‌ಹೇಗನ್ ನಗರದಲ್ಲಿ. ತಂದೆ ಕ್ರಿಶ್ಚಿಯನ್ ಬೋರ್ ವಿಶ್ವವಿದ್ಯಾನಿಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕ. ತಾಯಿ ಎಲೆನ್ ಆಡ್ಲರ್ ಸಿರಿವಂತ ಯೆಹೂದಿ ಮನೆತನದವಳು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಐವತ್ತೆಂಟು ವರ್ಷಗಳ ಅನಂತರ ಅದೇ ಆತನ ಪ್ರಾಣಕ್ಕೆ ಎರವಾಗುವುದರಲ್ಲಿತ್ತು. ತಮ್ಮ ಹರಾಲ್ಡ್ ಗಣಿತಜ್ಞನಾದನು. ಫುಟ್‌ಬಾಲ್ ಆಟದಲ್ಲಿ 1908ರ ಒಲಿಂಪಿಕ್ಸ್‌ಗೆ ಹೋಗಿ ಬೆಳ್ಳಿಯ ಪದಕ ತಂದನು. ಅಣ್ಣನೂ ಆಡುತ್ತಿದ್ದನು, ಗೋಲು ಕಾಯುವವನಾಗಿ. ಆದರೆ ದೇಶದ ತಂಡದವರೆಗೆ ಏರಲಿಲ್ಲ.

1911ರಲ್ಲಿ ಡಾಕ್ಟರ್ ಪದವಿ ಪಡೆದ ಬೋರನು ಇಂಗ್ಲೆಂಡಿಗೆ ಹೋಗಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡನ ಬಳಿ ಕೆಲಸ ಮಾಡಿದನು. 1912ರಲ್ಲಿ ಮಾರ್ಗರೆಥೆಯೊಡನೆ ವಿವಾಹ, 1913ರಲ್ಲಿ ಪರಮಾಣುವಿನ ಹೊಸ ಸಿದ್ಧಾಂತ, 1921ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆತನದೇ ಸಂಶೋಧನ ಮಂದಿರ, 1922ರಲ್ಲಿ ನೊಬೆಲ್ ಬಹುಮಾನ. ಸಿದ್ಧಾಂತದ ವಿವರವನ್ನು ವಿಜ್ಞಾನದ ಮಿತ್ರರಿಗೇ ಬಿಡುತ್ತೇನೆ. ನನ್ನನ್ನು ಸೆಳೆದದ್ದು ಆ ಮಂದಿರ. ದೇಶದೇಶಗಳ ತರುಣರು ಅಲ್ಲಿಗೆ ಬಂದು ಕಲಿಯುತ್ತಿದ್ದರು, ವಾದಿಸುತ್ತಿದ್ದರು, ಗುರುವಿನ ಮಾತನ್ನು ಎದುರಿಗೇ ಖಂಡಿಸುತ್ತಿದ್ದರು. 1932ರಲ್ಲಿ ಬೋರನ ಸಂಸಾರಕ್ಕೆ ವಾಸಕ್ಕೆಂದು ಒಂದು ಭವ್ಯ ಮನೆ ದೊರೆಯಿತು. ಅದು ಕಾರ್ಲ್ಸ್‌ಬರ್ಗ್ ಎಂಬ ಬಿಯರ್ ಕಾರ್ಖಾನೆಯ ಸ್ಥಾಪಕನು ಕಟ್ಟಿಸಿ, ದೇಶದ ಶ್ರೇಷ್ಠ ವಿದ್ವಾಂಸನು ಬದುಕಿರುವಷ್ಟು ಕಾಲ ಅದರಲ್ಲಿರಲೆಂದು ಬಿಟ್ಟುಹೋದ ಮನೆ. ಮದ್ಯದ ಹಣ ವಿದ್ಯೆಗೆ ಇಷ್ಟು ಉಪಕಾರ ಮಾಡಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಆ ಮನೆಗೆ ಬಂದ ಎರಡೇ ವರ್ಷಕ್ಕೆ ಹಿರಿಯ ಮಗ ಕ್ರಿಶ್ಚಿಯನ್, ತಂದೆಯೂ ಇದ್ದ ಹಾಯಿದೋಣಿಯಿಂದ ಅಲೆಯ ಹೊಡೆತಕ್ಕೆ ಸಿಕ್ಕಿ ಸಮುದ್ರದ ಪಾಲಾದನು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದಿ ಪ್ರಾಧ್ಯಾಪಕರನ್ನು ಜರ್ಮನಿಯ ವಿಶ್ವವಿದ್ಯಾನಿಲಯಗಳಿಂದ ಹೊರದೂಡಲಾಯಿತು. ಅಂಥವರಲ್ಲಿ ಅನೇಕರು ನೇರವಾಗಿ ಬಂದದ್ದು ಬೋರನ ಬಾಗಿಲಿಗೆ. ಆತನು ಕೆಲವರನ್ನು ತನ್ನಲ್ಲೇ ಇರಿಸಿಕೊಂಡನು; ಕೆಲವರಿಗೆ ಇಂಗ್ಲೆಂಡು ಅಮೆರಿಕೆಗಳಲ್ಲಿ ಕೆಲಸ ಹುಡುಕಿಕೊಟ್ಟನು.

1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಹೊಕ್ಕಿತು. ಕೆಲವೇ ಗಂಟೆಗಳಲ್ಲಿ ಸರ್ಕಾರ ಕೈಚೆಲ್ಲಿತು. ಆ ದಿನ ಬೋರನ ಮಂದಿರದಲ್ಲಿ ಒಂದು ವಿಚಿತ್ರ ಕೆಲಸ ನಡೆಯಿತು. ಮ್ಯಾಕ್ಸ್ ಫಾನ್ ಲೌಯೆ, ಜೇಮ್ಸ್ ಫ್ರಾಂಕ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು ತಮ್ಮ ನೊಬೆಲ್ ಪದಕಗಳನ್ನು ಭದ್ರವಾಗಿರಲೆಂದು ಅಲ್ಲಿಗೆ ಕಳುಹಿಸಿದ್ದರು. ಜರ್ಮನಿಯಿಂದ ಚಿನ್ನ ಹೊರಗೆ ಸಾಗಿಸುವುದು ಘೋರ ಅಪರಾಧ. ಪದಕದ ಮೇಲೆ ಒಡೆಯನ ಹೆಸರು ಕೊರೆದಿದೆ. ಸಿಕ್ಕಿಬಿದ್ದರೆ ಲೌಯೆಯ ಗತಿ ಮುಗಿದಂತೆಯೇ. ನೆಲದಲ್ಲಿ ಹೂಳೋಣವೆಂದು ಹಂಗೇರಿಯ ಜಾರ್ಜ್ ಡಿ ಹೆವೆಸಿ ಸೂಚಿಸಿದನು. ಹೂತದ್ದನ್ನು ಅಗೆದು ತೆಗೆಯಬಹುದೆಂದು ಬೋರನು ಒಪ್ಪಲಿಲ್ಲ. ಬೀದಿಯಲ್ಲಿ ಸೈನ್ಯ ನಡೆಯುತ್ತಿರುವಾಗ ಹೆವೆಸಿ ಒಳಗೆ ಕುಳಿತು ಎರಡೂ ಪದಕಗಳನ್ನು ತೀಕ್ಷ್ಣವಾದ ಆಮ್ಲದಲ್ಲಿ ಕರಗಿಸಿದನು. ಚಿನ್ನ ಸುಲಭವಾಗಿ ಕರಗುವ ವಸ್ತುವಲ್ಲ, ಇಡೀ ದಿನ ಹಿಡಿಯಿತು. ಆ ದ್ರವವನ್ನು ಒಂದು ಸೀಸೆಗೆ ಹಾಕಿ ಉಳಿದ ಸೀಸೆಗಳ ಜೊತೆಗೆ ಇಟ್ಟರು.

ಮೊದಲ ಮೂರು ವರ್ಷ ಡೆನ್ಮಾರ್ಕಿನ ಸ್ಥಿತಿ ಯೂರೋಪಿನ ಬೇರೆ ಸೋತ ದೇಶಗಳಂತಿರಲಿಲ್ಲ. ರಾಜ, ಮಂತ್ರಿಮಂಡಲ, ನ್ಯಾಯಾಲಯ ಎಲ್ಲವೂ ಹೆಸರಿಗೆ ನಡೆದಿದ್ದುವು. 1943ರ ಮಾರ್ಚ್‌ನಲ್ಲಿ ಚುನಾವಣೆ ಕೂಡ ನಡೆದು, ಅಲ್ಲಿಯ ನಾಜಿ ಪಕ್ಷಕ್ಕೆ ನೂರಕ್ಕೆ ಎರಡರಷ್ಟು ಮತ ಬಿತ್ತು. ಯೆಹೂದಿಗಳನ್ನು ಮುಟ್ಟಕೂಡದೆಂದು ಸರ್ಕಾರ ಪಟ್ಟು ಹಿಡಿದಿತ್ತು. ರಾಜ ಹತ್ತನೆಯ ಕ್ರಿಶ್ಚಿಯನ್ ತಾನೂ ಯೆಹೂದಿಗಳ ಹಳದಿ ನಕ್ಷತ್ರವನ್ನು ಧರಿಸಿ ಕುದುರೆಯೇರಿ ಹೊರಟನೆಂದು ಒಂದು ಕಥೆಯಿದೆ. ನನಗೂ ಅದು ಬಹಳ ಹಿಡಿಸಿತ್ತು; ಆದರೆ ನಿಜವಲ್ಲ. ಡೆನ್ಮಾರ್ಕಿನಲ್ಲಿ ಆ ನಕ್ಷತ್ರವನ್ನು ಕಡ್ಡಾಯ ಮಾಡಿಯೇ ಇರಲಿಲ್ಲ. ರಾಜನು ಪ್ರತಿದಿನ ಕಾವಲಿಲ್ಲದೆ ಕುದುರೆಯ ಮೇಲೆ ನಗರದಲ್ಲಿ ಸಂಚರಿಸುತ್ತಿದ್ದನೆಂಬುದು ಮಾತ್ರ ನಿಜ.

1941ರ ಸೆಪ್ಟೆಂಬರಿನಲ್ಲಿ ಬೋರನ ಹಳೆಯ ಶಿಷ್ಯ ಹೈಸನ್‌ಬರ್ಗ್ ಜರ್ಮನಿಯಿಂದ ಬಂದು ಗುರುವನ್ನು ಕಂಡನು. ಮಗನಂತೆ ಕಂಡಿದ್ದ ಶಿಷ್ಯ ಈಗ ಜರ್ಮನಿಯ ಪರಮಾಣು ಸಂಶೋಧನೆಯ ಮುಖ್ಯರಲ್ಲೊಬ್ಬ. ಇಬ್ಬರ ನಡುವೆ ನಡೆದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರು. ಜರ್ಮನರು ಪರಮಾಣು ಅಸ್ತ್ರದ ಯತ್ನದಲ್ಲಿದ್ದಾರೆಂದು ಬೋರನು ತಿಳಿದನು. ಅಂದಿನಿಂದ ಆ ಸ್ನೇಹ ಮೊದಲಿನಂತಾಗಲಿಲ್ಲ. ಇದರ ಬಗೆಗೆ ಬೋರನು ಬರೆದು ಕಳುಹಿಸದೆ ಇಟ್ಟಿದ್ದ ಕಾಗದಗಳು 2002ರಲ್ಲಿ ಹೊರಬಂದುವು.

ಇನ್ನು ನಾನು ಹೇಳಹೊರಟ ವರ್ಷಕ್ಕೆ ಬರುತ್ತೇನೆ. 1943ರ ಆರಂಭದಲ್ಲಿ ಡೆನ್ಮಾರ್ಕಿನ ಗುಪ್ತ ಹೋರಾಟಗಾರರ ಮೂಲಕ ಬೋರನಿಗೆ ಒಂದು ಬೀಗದ ಕೈಗೊಂಚಲು ಬಂದಿತು. ಕೀಲಿಯ ಹಿಡಿಯಲ್ಲಿ ಸಣ್ಣ ರಂಧ್ರ ಕೊರೆದು ಅದರೊಳಗೆ ಸಾಸಿವೆಗಿಂತ ಚಿಕ್ಕದಾಗಿ ಚಿತ್ರ ತೆಗೆದ ಪತ್ರವನ್ನು ಅಡಗಿಸಿದ್ದರು. ಬರೆದವನು ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಚಾಡ್ವಿಕ್. ಬಂದುಬಿಡು, ಇಲ್ಲಿ ಯಾವ ಕೆಲಸ ಬೇಕಾದರೂ ಮಾಡುವ ಸ್ವಾತಂತ್ರ್ಯವಿದೆ ಎಂಬುದು ಅದರ ಸಾರ. ಬಾಯಿಬಿಟ್ಟು ಹೇಳದಿದ್ದರೂ ಕರೆದದ್ದು ಯಾವುದಕ್ಕೆಂದು ಬೋರನಿಗೆ ತಿಳಿಯದೆ ಇರಲಿಲ್ಲ.

ಬೋರನು ಬರಲಾರೆನೆಂದು ಉತ್ತರ ಕೊಟ್ಟನು. ಇಲ್ಲಿಯ ವಿದ್ಯಾಸಂಸ್ಥೆಗಳ ಸ್ವಾತಂತ್ರ್ಯಕ್ಕೆ ಬಂದಿರುವ ಅಪಾಯವನ್ನು ಎದುರಿಸುವುದೂ, ತನ್ನನ್ನು ನಂಬಿ ಬಂದ ನಿರಾಶ್ರಿತ ವಿಜ್ಞಾನಿಗಳನ್ನು ಕಾಪಾಡುವುದೂ ತನ್ನ ಕರ್ತವ್ಯವೆಂದು ಕಾರಣ ಹೇಳಿದನು. ಪರಮಾಣುವಿನಿಂದ ಅಸ್ತ್ರ ಮಾಡುವುದು ಸದ್ಯಕ್ಕೆ ಸಾಧ್ಯವಾಗದೆಂಬುದು ಆಗ ಆತನ ಅಭಿಪ್ರಾಯವಾಗಿತ್ತು. ಆ ಉತ್ತರವನ್ನೂ ಅಷ್ಟೇ ಚಿಕ್ಕದಾಗಿ ಚಿತ್ರ ತೆಗೆದು, ದೂತನ ಹುಳುಕುಹಲ್ಲಿನ ಕುಳಿಯಲ್ಲಿ ಇಟ್ಟು ಮೇಲೆ ಹಲ್ಲಿನ ವೈದ್ಯನಿಂದ ಮುಚ್ಚಿಸಿ ಕಳುಹಿಸಿದರಂತೆ. ಈ ಪುಟವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕರೆದವರು ಹಿತವನ್ನೇ ಬಯಸಿದವರು, ಹೋದರೆ ತಪ್ಪೆನ್ನುವವರಿಲ್ಲ, ತಾಯಿಯ ಕುಲದ ದೆಸೆಯಿಂದ ಕುತ್ತಿಗೆಯ ಮೇಲೆ ಕತ್ತಿ ತೂಗುತ್ತಿದೆ. ಆದರೂ ಉಳಿದನು.

ಆ ಬೇಸಗೆಯಲ್ಲಿ ದೇಶದ ಸಹನೆ ಮುಗಿಯಿತು. ಊರೂರುಗಳಲ್ಲಿ ಮುಷ್ಕರ, ರೈಲು ಹಳಿಗಳ ಸ್ಫೋಟ. ವಿಧ್ವಂಸಕ ಕೃತ್ಯಗಳಿಗೆ ಮರಣದಂಡನೆ ವಿಧಿಸಬೇಕೆಂದು ಆಗಸ್ಟ್ 28ರಂದು ಜರ್ಮನರು ಆಜ್ಞಾಪಿಸಿದರು, ಸರ್ಕಾರ ಒಪ್ಪಲಿಲ್ಲ. ಮರುದಿನವೇ ಸೈನಿಕ ಆಡಳಿತ ಬಂದಿತು. ವೈರಿಯ ಕೈಗೆ ಸಿಗದಿರಲೆಂದು ಡೇನಿಷ್ ನೌಕಾಪಡೆ ತನ್ನ ಹಡಗುಗಳಲ್ಲಿ ಬಹಳಷ್ಟನ್ನು ತಾನೇ ಮುಳುಗಿಸಿತು. ಸರ್ಕಾರವಿಲ್ಲದ ಮೇಲೆ ಯೆಹೂದಿಗಳಿಗೆ ಆಸರೆಯೂ ಇಲ್ಲವಾಯಿತು. ಅಕ್ಟೋಬರ್ 1ರ ರಾತ್ರಿ, ಹಬ್ಬದ ದಿನ ಎಲ್ಲರೂ ಮನೆಯಲ್ಲಿರುವಾಗ, ಹಿಡಿದೊಯ್ಯಬೇಕೆಂದು ಸಂಚಾಯಿತು. ಅದನ್ನು ಹೊರಗೆಡಹಿದವನು ಡುಕ್‌ವಿಟ್ಸ್ ಎಂಬ ಜರ್ಮನ್ ಅಧಿಕಾರಿಯೇ! ಸೆಪ್ಟೆಂಬರ್ 28ರಂದು ಆತನು ಡೇನಿಷ್ ನಾಯಕರಿಗೆ ಗುಟ್ಟು ತಿಳಿಸಿದನು. ಮರುದಿನ ಬೆಳಗ್ಗೆ ಯೆಹೂದಿಗಳ ಗುರು ಮಾರ್ಕುಸ್ ಮೆಲ್ಕಿಯೋರ್ ಪ್ರಾರ್ಥನಾಮಂದಿರದಲ್ಲಿ ನೆರೆದವರಿಗೆ, ಪೂಜೆ ನಿಲ್ಲಿಸಿ ತಲೆಮರೆಸಿಕೊಳ್ಳಿರೆಂದು ಹೇಳಿದನು.

ಬೋರನಿಗೂ ಸುದ್ದಿ ಮುಟ್ಟಿತು. ತನ್ನನ್ನು ಬಂಧಿಸಲಿದ್ದಾರೆಂದು ಖಚಿತವಾದ ಮೇಲೆ ಉಳಿಯುವುದರಿಂದ ಯಾರಿಗೂ ಪ್ರಯೋಜನವಿಲ್ಲವೆಂಬುದು ಸ್ಪಷ್ಟವಾಯಿತು. ಸೆಪ್ಟೆಂಬರ್ 29ರ ರಾತ್ರಿ ಗಂಡಹೆಂಡಿರು ಕಡಲ ಅಂಚಿಗೆ ಹೋಗಿ ಕತ್ತಲಲ್ಲಿ ಅಡಗಿ ಕುಳಿತು, ಮೀನುಗಾರರ ದೋಣಿಯಲ್ಲಿ ಓರೆಸುಂಡ್ ಜಲಸಂಧಿಯನ್ನು ದಾಟಿ ಸ್ವೀಡನ್ ತಲುಪಿದರು. ಮಕ್ಕಳು ಆಮೇಲೆ ಬೇರೆ ಬೇರೆಯಾಗಿ ಬಂದು ಸೇರಿದರು. ಹತ್ತು ವರ್ಷ ನಿರಾಶ್ರಿತರಿಗೆ ಬಾಗಿಲು ತೆರೆದವನು ಆ ರಾತ್ರಿ ತಾನೇ ನಿರಾಶ್ರಿತನಾದನು.

ಸ್ವೀಡನ್ನಿನಲ್ಲಿ ಬೋರನು ಸುಮ್ಮನೆ ಕೂರಲಿಲ್ಲ. ಸ್ಟಾಕ್‌ಹೋಮಿಗೆ ಹೋಗಿ ಮಂತ್ರಿಗಳನ್ನು ಕಂಡನು, ರಾಜ ಐದನೆಯ ಗುಸ್ತಾವನನ್ನು ಕಂಡನು. ಯೆಹೂದಿಗಳಿಗೆ ಆಶ್ರಯ ಕೊಡುವುದಷ್ಟೇ ಅಲ್ಲ, ಕೊಡುತ್ತೇವೆಂದು ಬಹಿರಂಗವಾಗಿ ಸಾರಬೇಕು ಎಂದು ಬೇಡಿದನು. ಅಕ್ಟೋಬರ್ 2ರಂದು ಸ್ವೀಡನ್ನಿನ ರೇಡಿಯೋ ಅದನ್ನು ಸಾರಿತು. ಇದರ ಕೀರ್ತಿಯೆಲ್ಲ ಬೋರನಿಗೇ ಸಲ್ಲಬೇಕೆಂದು ಕೆಲವರು ಬರೆಯುತ್ತಾರೆ. ಅಷ್ಟು ಹೇಳುವುದು ಅತಿಯಾಯಿತೆಂದು ನನ್ನ ಎಣಿಕೆ. ಸ್ವೀಡನ್ ಸರ್ಕಾರ ಅದಕ್ಕೆ ಮೊದಲೇ ಆ ದಾರಿಯಲ್ಲಿ ಯೋಚಿಸಿತ್ತು. ದೊಡ್ಡ ಕೆಲಸ ಮಾಡಿದವರು ಹೆಸರಿಲ್ಲದ ಜನ. ಆಸ್ಪತ್ರೆಗಳ ವೈದ್ಯರು ಯೆಹೂದಿಗಳನ್ನು ರೋಗಿಗಳೆಂದು ಮಲಗಿಸಿಕೊಂಡರು, ನೆರೆಹೊರೆಯವರು ಮಾಳಿಗೆಯಲ್ಲಿ ಅಡಗಿಸಿದರು, ಮೀನುಗಾರರು ರಾತ್ರಿರಾತ್ರಿ ದೋಣಿ ನಡೆಸಿದರು. ಮೀನುಗಾರರಲ್ಲಿ ಕೆಲವರು ಒಂದು ತಲೆಗೆ ಇಷ್ಟೆಂದು ದೊಡ್ಡ ಮೊತ್ತವನ್ನೇ ವಸೂಲು ಮಾಡಿದರು, ಅದನ್ನೂ ಮುಚ್ಚಿಡಬಾರದು. ದೋಣಿ ಹೋದರೆ ಅವರ ಹೊಟ್ಟೆಪಾಡೇ ಹೋದಂತೆ ಎಂಬುದನ್ನೂ ಮರೆಯಬಾರದು. ಕೆಲವು ವಾರಗಳಲ್ಲಿ ಸುಮಾರು 7,200 ಯೆಹೂದಿಗಳು ಪಾರಾದರು. ಸಿಕ್ಕಿಬಿದ್ದ ಸುಮಾರು 470 ಜನರನ್ನು ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಒಯ್ದರು; ಅವರಲ್ಲಿಯೂ ಹೆಚ್ಚಿನವರು ಬದುಕಿ ಹಿಂದಿರುಗಿದರು.

ಅದೇ ಅಕ್ಟೋಬರ್ ಮೊದಲ ವಾರದಲ್ಲಿ ಬೋರನನ್ನು ಇಂಗ್ಲೆಂಡಿಗೆ ಕರೆದೊಯ್ಯಲು ಮಸ್ಕಿಟೋ ಎಂಬ ಸಣ್ಣ ವಿಮಾನ ಬಂದಿತು. ಅದರಲ್ಲಿ ಪ್ರಯಾಣಿಕನಿಗೆ ಪೀಠವಿಲ್ಲ. ಬಾಂಬು ಇಡುವ ಜಾಗದಲ್ಲಿ ಮಲಗಬೇಕು. ಶತ್ರುವಿನ ತೋಪಿಗೆ ಸಿಗದಿರಲು ಬಹಳ ಎತ್ತರದಲ್ಲಿ ಹಾರುವುದರಿಂದ, ವಿಮಾನ ಚಾಲಕ ಹೇಳಿದೊಡನೆ ಆಮ್ಲಜನಕದ ಮುಖವಾಡ ಹಾಕಿಕೊಳ್ಳಬೇಕು. ಬೋರನ ತಲೆ ಬಲು ದೊಡ್ಡದು. ಶಿರಸ್ತ್ರಾಣದ ಕಿವಿಯ ಯಂತ್ರ ಕಿವಿಗೆ ಎಟುಕಲಿಲ್ಲ, ಚಾಲಕನ ಮಾತು ಕೇಳಿಸಲಿಲ್ಲ. ಆತನು ಮೂರ್ಛೆ ಹೋದನು. ಉತ್ತರವಿಲ್ಲದ್ದನ್ನು ಕಂಡು ಚಾಲಕನಿಗೆ ಅನುಮಾನ ಬಂದು, ಸಮುದ್ರದ ಮೇಲೆ ವಿಮಾನವನ್ನು ಕೆಳಕ್ಕಿಳಿಸಿ ನಡೆಸಿದನು. ಸ್ಕಾಟ್ಲೆಂಡಿನಲ್ಲಿ ಇಳಿಯುವ ಹೊತ್ತಿಗೆ ಬೋರನು ಚೇತರಿಸಿಕೊಂಡಿದ್ದನು. ಒಂದು ವಾರದ ಮೇಲೆ ಮಗ ಓಗೆ ಬಂದು ಸೇರಿದನು. ಮಾರ್ಗರೆಥೆ ಉಳಿದ ಮಕ್ಕಳೊಡನೆ ಯುದ್ಧ ಮುಗಿಯುವವರೆಗೂ ಸ್ವೀಡನ್ನಿನಲ್ಲಿ ಗಂಡನ ದಾರಿ ಕಾಯುತ್ತ ಉಳಿದಳು. ಆಕೆಯ ಆ ಒಂದೂವರೆ ವರ್ಷವನ್ನು ಕುರಿತು ಪುಸ್ತಕಗಳು ಹೆಚ್ಚು ಹೇಳುವುದಿಲ್ಲ.

ಇದಾದ ಮೇಲಿನದನ್ನು ಬರೆಯುವಾಗ ನನ್ನ ಲೇಖನಿ ತಡೆಯುತ್ತದೆ. 1943ರ ಡಿಸೆಂಬರಿನಲ್ಲಿ ಬೋರನು ನಿಕೊಲಸ್ ಬೇಕರ್ ಎಂಬ ಸುಳ್ಳು ಹೆಸರಿನಲ್ಲಿ ಅಮೆರಿಕೆಗೆ ಹೋದನು. ಸಾಧ್ಯವಿಲ್ಲವೆಂದುಕೊಂಡಿದ್ದ ಬಾಂಬು ಅಲ್ಲಿ ಸಿದ್ಧವಾಗುತ್ತಿತ್ತು. ಆ ಕೆಲಸಕ್ಕೆ ಆತನು ನೆರವಾದನು. ಜರ್ಮನರು ಮೊದಲು ಮಾಡಿದರೆ ಏನು ಗತಿಯೆಂಬ ಭಯವನ್ನು ನಾನು ಬಲ್ಲೆ. ಆದರೂ ಜನರನ್ನು ಉಳಿಸಲು ರಾಜನ ಮುಂದೆ ಕೈಯೊಡ್ಡಿದವನು ಮೂರು ತಿಂಗಳಲ್ಲಿ ಅಲ್ಲಿ ನಿಂತದ್ದನ್ನು ಸಮಾಧಾನದಿಂದ ಒಪ್ಪಲು ನನಗಾಗಿಲ್ಲ. ಆತನಿಗೂ ಸಮಾಧಾನವಿದ್ದಂತೆ ಕಾಣದು. ಈ ಅಸ್ತ್ರದ ವಿಷಯವನ್ನು ರಷ್ಯಕ್ಕೆ ಮೊದಲೇ ತಿಳಿಸಿ, ಎಲ್ಲ ದೇಶಗಳೂ ಕೂಡಿ ಹತೋಟಿಯಲ್ಲಿಡದಿದ್ದರೆ ಯುದ್ಧದ ಬಳಿಕ ಸ್ಪರ್ಧೆ ತಪ್ಪದೆಂದು 1944ರ ಮೇ ತಿಂಗಳಲ್ಲಿ ಚರ್ಚಿಲನಿಗೆ ಹೇಳಹೋದನು. ಚರ್ಚಿಲನು ಕಿವಿಗೊಡಲಿಲ್ಲ. ಆಗಸ್ಟಿನಲ್ಲಿ ರೂಸ್‌ವೆಲ್ಟನು ಆದರದಿಂದ ಕೇಳಿದನು. ಆದರೆ ಮುಂದಿನ ತಿಂಗಳಲ್ಲೇ ಇಬ್ಬರು ನಾಯಕರೂ ಕೂಡಿ, ಬೋರನಿಂದ ಗುಟ್ಟು ಹೊರಬೀಳದಂತೆ ಆತನ ಮೇಲೆ ಕಣ್ಣಿಡಬೇಕೆಂದು ನಿಶ್ಚಯಿಸಿದರು. ಬೋರನು ಮೆಲುದನಿಯವನು, ಒಂದು ವಾಕ್ಯವನ್ನು ಹತ್ತು ಸಲ ತಿದ್ದುವವನು. ಅವಸರದ ಮಂತ್ರಿಗಳ ಮುಂದೆ ಅಂಥವರ ಮಾತು ನಡೆಯುವುದಿಲ್ಲವೆಂದು ಕಾಣುತ್ತದೆ. 1950ರಲ್ಲಿ ವಿಶ್ವಸಂಸ್ಥೆಗೆ ಬಹಿರಂಗ ಪತ್ರ ಬರೆದು ಅದೇ ಮಾತನ್ನು ಮತ್ತೆ ಹೇಳಿದನು. 1960ರ ಆರಂಭದಲ್ಲಿ ಭಾರತಕ್ಕೂ ಬಂದು ಹೋದನು. 1962ರ ನವೆಂಬರ್ 18ರಂದು ತನ್ನ ಮನೆಯಲ್ಲಿ ತೀರಿಕೊಂಡನು.

ಆ ಸೀಸೆಯ ಮಾತು ಉಳಿಯಿತು. 1943ರ ಡಿಸೆಂಬರಿನಲ್ಲಿ ಜರ್ಮನ್ ಸೈನಿಕರು ಬೋರನ ಮಂದಿರವನ್ನೇ ವಶಪಡಿಸಿಕೊಂಡರು; ಎರಡು ತಿಂಗಳಾದ ಮೇಲೆ ಬಿಟ್ಟುಕೊಟ್ಟರು. ಬೋರನು 1945ರ ಆಗಸ್ಟಿನಲ್ಲಿ, ಜಪಾನಿನ ಮೇಲೆ ಬಾಂಬು ಬಿದ್ದ ಕೆಲವೇ ದಿನಗಳಲ್ಲಿ ಊರಿಗೆ ಹಿಂದಿರುಗಿದನು. ಆ ಸೀಸೆ ಯಾರೂ ಮುಟ್ಟದೆ ಇಟ್ಟಲ್ಲಿಯೇ ಇತ್ತು. ಹೆವೆಸಿ ಆ ದ್ರವದಿಂದ ಚಿನ್ನವನ್ನು ಹೊರತೆಗೆದನು. ಅದನ್ನು ಸ್ಟಾಕ್‌ಹೋಮಿಗೆ ಕಳುಹಿಸಿದರು. ನೊಬೆಲ್ ಸಂಸ್ಥೆಯವರು ಅದೇ ಚಿನ್ನದಿಂದ ಪದಕಗಳನ್ನು ಹೊಸದಾಗಿ ಅಚ್ಚುಹಾಕಿಸಿದರು. 1952ರಲ್ಲಿ, ಅಮೆರಿಕೆಯಲ್ಲಿ ನೆಲಸಿದ್ದ ಜೇಮ್ಸ್ ಫ್ರಾಂಕನಿಗೆ ಆತನ ಪದಕ ಎರಡನೆಯ ಬಾರಿ ಕೈ ಸೇರಿತು.