ಗಾಳಿಯನ್ನೂ ತಗಡನ್ನೂ ಅರಿತ ಪ್ರಾಂಟ್ಲ್

ರಾಜರಾಜೇಶ್ವರಿನಗರದ ನಮ್ಮ ಮನೆಯಿಂದ ತಂದೆಯವರು ದಿನವೂ ಪೀಣ್ಯದ ಒಂದು ಪ್ರೆಸ್ ಷಾಪಿಗೆ ಕೆಲಸಕ್ಕೆ ಹೋಗುತ್ತಾರೆ. ಅವರು ಶಾಲೆ ಕಂಡದ್ದು ಕಡಮೆ. ಆದರೆ ತಗಡು 90 ಡಿಗ್ರಿಗೆ ನಿಲ್ಲಬೇಕಾದರೆ ಒಂದೆರಡು ಡಿಗ್ರಿ ಹೆಚ್ಚಾಗಿಯೇ ಮಡಿಸಬೇಕು, ಒತ್ತಡ ತೆಗೆದೊಡನೆ ಅದು ತುಸು ಹಿಂದಕ್ಕೆ ಬರುತ್ತದೆ ಎಂಬುದು ಅವರ ಕೈಗೆ ಗೊತ್ತು. ಇದಕ್ಕೆ ಲೆಕ್ಕವುಂಟೇ ಎಂದು ನಾನು ಹುಡುಕಹೊರಟಾಗ ದೊರೆತ ಹೆಸರು ಲುಡ್ವಿಗ್ ಪ್ರಾಂಟ್ಲ್.

ಪ್ರಾಂಟ್ಲರು 1875ರ ಫೆಬ್ರವರಿ 4ರಂದು ಜರ್ಮನಿಯ ಫ್ರೈಸಿಂಗ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಎಂಜಿನಿಯರಿಂಗ್ ಅಧ್ಯಾಪಕರು. ತಾಯಿ ದೀರ್ಘಕಾಲ ಅಸ್ವಸ್ಥೆ. ಮ್ಯೂನಿಕ್‌ನಲ್ಲಿ ಆಗಸ್ಟ್ ಫೊಪ್ಪಲರ ಶಿಷ್ಯರಾಗಿ ಘನವಸ್ತುಗಳ ಬಲವನ್ನು ಅಭ್ಯಾಸಮಾಡಿ, ಬಳಿಕ ಒಂದು ಕಾರ್ಖಾನೆಯನ್ನು ಸೇರಿದರು. ಅಲ್ಲಿ ಚಕ್ಕೆಹೊಟ್ಟನ್ನು ಹೀರಿ ತೆಗೆಯುವ ಸಾಧನವನ್ನು ಸರಿಪಡಿಸುವ ಕೆಲಸ ಬಂದಿತು. ಅದೇ ಅವರ ಮನಸ್ಸನ್ನು ಗಾಳಿಯ ಹರಿವಿನ ಕಡೆಗೆ ತಿರುಗಿಸಿತು. 1904ರಲ್ಲಿ ಹೈಡಲ್‌ಬರ್ಗ್ ಸಮ್ಮೇಳನದಲ್ಲಿ, ಚಲಿಸುವ ವಸ್ತುವಿನ ಮೈಗೆ ಅಂಟಿದಂತಿರುವ ತೆಳುವಾದ ಪದರದ ವಿಚಾರವನ್ನು ಮಂಡಿಸಿದರು. ವಿಮಾನಶಾಸ್ತ್ರಕ್ಕೆ ಅದು ಅಡಿಗಲ್ಲಾಯಿತು. ಅದೇ ವರ್ಷ ಗಾಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದವರು ಆ ಊರನ್ನು ಮತ್ತೆ ಬಿಡಲಿಲ್ಲ.

ಗಾಳಿಯ ಪಂಡಿತರೆಂದು ಹೆಸರಾದ ಇವರು ಲೋಹವನ್ನು ಮರೆಯಲಿಲ್ಲವೆಂಬುದು ಅನೇಕರಿಗೆ ತಿಳಿಯದು. ತಗಡನ್ನು ಮೆಲ್ಲಗೆ ಬಾಗಿಸಿ ಬಿಟ್ಟರೆ ಅದು ಮೊದಲಿನಂತಾಗುತ್ತದೆ. ಮಿತಿ ಮೀರಿ ಬಾಗಿಸಿದರೆ ಬಾಗಿನ ಒಂದು ಪಾಲು ಮಾತ್ರ ಹಿಂದಿರುಗಿ, ಮಿಕ್ಕದ್ದು ಶಾಶ್ವತವಾಗಿ ಉಳಿಯುತ್ತದೆ. ಈಗಿರುವ ಒತ್ತಡವೊಂದನ್ನೇ ನೋಡಿ ಅದರ ಆಕಾರವನ್ನು ಹೇಳಲಾಗದು; ಅದು ನಡೆದುಬಂದ ದಾರಿಯೂ ತಿಳಿದಿರಬೇಕು. ಆದುದರಿಂದ ಎರಡು ಪಾಲುಗಳನ್ನೂ ಕೂಡಿಸಿ, ಹೆಜ್ಜೆಹೆಜ್ಜೆಯಾಗಿ ಎಣಿಸುವ ಕ್ರಮವನ್ನು 1924ರಲ್ಲಿ ಡೆಲ್ಫ್ಟ್ ನಗರದ ಸಮ್ಮೇಳನದಲ್ಲಿ ತೋರಿಸಿದರು. 1930ರಲ್ಲಿ ಹಂಗೆರಿಯ ರಾಯ್ಸ್ ಅದನ್ನು ವಿಸ್ತರಿಸಿದರು. ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಾಗಿಸಿದರೆ ಅದು ಗಡುಸಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಗಡುಸುತನದ ಲೆಕ್ಕವನ್ನು ನಂತರದವರು ಈ ಕ್ರಮಕ್ಕೆ ಸೇರಿಸಿದರು. ಕಾರಿನ ಬಾಗಿಲಿನ ಅಚ್ಚನ್ನು ಮಾಡುವ ಮುನ್ನ ಇಂದು ಕಂಪ್ಯೂಟರಿನಲ್ಲಿ ತಗಡನ್ನು ಒತ್ತಿ ನೋಡುವುದೂ ಇದೇ ಹೆಜ್ಜೆಲೆಕ್ಕದಿಂದ.

ಮಹನೀಯರ ಚರಿತ್ರೆಯಲ್ಲಿ ಕಪ್ಪನ್ನು ಮುಚ್ಚಿಡಬಾರದು. ನಾಜಿ ಆಡಳಿತದಲ್ಲಿ ಅವರ ಸಂಸ್ಥೆಯ ಸಂಶೋಧನೆ ಯುದ್ಧಕ್ಕೆ ನೆರವಾಯಿತು. ವಿದೇಶೀ ಮಿತ್ರರಿಗೆ ಬರೆದ ಕಾಗದಗಳಲ್ಲಿ ಆ ಆಡಳಿತವನ್ನು ಅವರು ಸಮರ್ಥಿಸಿಯೂ ಇದ್ದರು. ಆದರೆ ಅದೇ ದಶಕದಲ್ಲಿ ಅವರ ಬಳಿ ಕಲಿತ ಭಾರತೀಯರೊಬ್ಬರು, ವಿ. ಎಂ. ಘಾಟಗೆ, ಆ ವಿದ್ಯೆಯನ್ನು ಬೆಂಗಳೂರಿಗೆ ತಂದರು. ಅವರ ನೇತೃತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಅದರ ಮೈಯೆಲ್ಲ ಲೋಹ. ಗುರುವಿನ ದೋಷ ಗುರುವಿನೊಡನೆ ಉಳಿಯಿತು, ವಿದ್ಯೆ ಇಲ್ಲಿಯವರ ಕೈಸೇರಿತು ಎಂದು ನನ್ನ ಎಣಿಕೆ. ಪ್ರಾಂಟ್ಲರು 1953ರ ಆಗಸ್ಟ್ 15ರಂದು ತೀರಿಕೊಂಡರು.

ಇದೆಲ್ಲವನ್ನೂ ಒಂದು ರಾತ್ರಿ ತಂದೆಯವರಿಗೆ ಹೇಳಿದೆ. ಆ ದೊರೆ ಎಂದಾದರೂ ಕಾರ್ಖಾನೆಯಲ್ಲಿ ನಿಂತು ಕೆಲಸಮಾಡಿದ್ದನೇ ಎಂದು ಕೇಳಿದರು. ಹೌದೆಂದೆ. ಹಾಗಾದರೆ ಸರಿ ಎಂಬಂತೆ ತಲೆದೂಗಿ ಊಟಕ್ಕೆ ಕುಳಿತರು.