ಕೀಹೋಲ್ ಶಸ್ತ್ರಚಿಕಿತ್ಸೆಯ ಗುರು ಕುರ್ಟ್ ಸೆಮ್

ಯೋನಿಮಾರ್ಗದ ಮೂಲಕ ತೆಗೆಯಲಾಗದ ಗರ್ಭಕೋಶವನ್ನು ತೆಗೆಯಲು ಹೊಟ್ಟೆಯನ್ನು ಅಗಲವಾಗಿ ಕೊಯ್ಯುವುದೊಂದೇ ದಾರಿಯಾಗಿದ್ದ ಕಾಲವೊಂದಿತ್ತು. ಆ ದಾರಿಯನ್ನು ಬದಲಿಸಿದವರ ಸಾಲಿನಲ್ಲಿ ಜರ್ಮನಿಯ ಸ್ತ್ರೀರೋಗ ತಜ್ಞ ಡಾ. ಕುರ್ಟ್ ಸೆಮ್ ಪ್ರಮುಖರು. ಹೊಸ ಉಪಕರಣಗಳನ್ನು ರೂಪಿಸಿದ್ದಷ್ಟೇ ಅವರ ಸಾಧನೆಯಲ್ಲ. ಆ ಉಪಕರಣ ಹಿಡಿಯುವ ಕೈಗಳನ್ನು ರೋಗಿಯ ಬಳಿಗೆ ಬರುವ ಮುನ್ನವೇ ಪಳಗಿಸಬೇಕೆಂಬ ಶಿಸ್ತನ್ನು ತಂದವರೂ ಅವರೇ.

ಸೆಮ್ ಜನಿಸಿದ್ದು 1927ರ ಮಾರ್ಚ್ 23ರಂದು, ಮ್ಯೂನಿಕ್ ನಗರದಲ್ಲಿ. ವೈದ್ಯಕೀಯಕ್ಕೆ ಬರುವ ಮೊದಲು ಉಪಕರಣ ತಯಾರಿಕೆಯ ಕಸುಬನ್ನು ಕಲಿತಿದ್ದರು. ಅವರ ಕುಟುಂಬದವರು ವೈದ್ಯಕೀಯ ಸಲಕರಣೆಗಳ ಉದ್ಯಮ ನಡೆಸುತ್ತಿದ್ದರು. ಶಸ್ತ್ರಕ್ರಿಯೆಯಲ್ಲಿ ತೊಡಕು ಎದುರಾದಾಗ ಅದಕ್ಕೆ ತಕ್ಕ ಸಾಧನವನ್ನು ತಾವೇ ರೂಪಿಸಿಕೊಳ್ಳುವ ಗುಣ ಅವರಿಗೆ ಬಂದದ್ದು ಈ ಹಿನ್ನೆಲೆಯಿಂದ. ಮ್ಯೂನಿಕ್‌ನಲ್ಲಿ ಪ್ರೊ. ರಿಚರ್ಡ್ ಫಿಕೆಂಟ್ಷರ್ ಅವರ ಜೊತೆ ಬಂಜೆತನದ ಚಿಕಿತ್ಸೆಯಲ್ಲಿ ತೊಡಗಿದ್ದಾಗ ಅವರ ಗಮನ ಲ್ಯಾಪರೋಸ್ಕೋಪಿಯ ಕಡೆ ಹರಿಯಿತು.

ಅಪಾಯಗಳಿಗೆ ಉತ್ತರ

ಹೊಟ್ಟೆಯ ಮೇಲಿನ ಸಣ್ಣ ರಂಧ್ರದ ಮೂಲಕ ಕೊಳವೆ ತೂರಿಸಿ ಒಳಾಂಗಗಳನ್ನು ನೋಡುವ ಈ ವಿಧಾನಕ್ಕೆ ಆಗ ಜರ್ಮನಿಯಲ್ಲಿ ಒಳ್ಳೆಯ ಹೆಸರಿರಲಿಲ್ಲ. ಅವಘಡಗಳ ಭಯ ಅದರ ಬೆನ್ನಿಗಿತ್ತು. ಸೆಮ್ ತಮ್ಮ ವಿಧಾನವನ್ನು ಪೆಲ್ವಿಸ್ಕೋಪಿ ಎಂದು ಬೇರೆ ಹೆಸರಿನಿಂದ ಕರೆದುದಕ್ಕೆ ಇದೂ ಒಂದು ಕಾರಣ. ಆದರೆ ಹೆಸರು ಬದಲಿಸಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು.

ಅಂಗಗಳು ಕಾಣಬೇಕಾದರೆ ಹೊಟ್ಟೆಯೊಳಗೆ ಅನಿಲ ತುಂಬಬೇಕು. ಒತ್ತಡ ಮಿತಿಮೀರಿದರೆ ಉಸಿರಾಟಕ್ಕೂ ರಕ್ತಸಂಚಾರಕ್ಕೂ ತೊಂದರೆ. ಇದಕ್ಕಾಗಿ 1960ರ ದಶಕದಲ್ಲಿ ಸೆಮ್ ಅನಿಲದ ಒತ್ತಡವನ್ನು ಅಳೆಯುತ್ತಾ ಇಂಗಾಲದ ಡೈ ಆಕ್ಸೈಡ್ ತುಂಬುವ ಸ್ವಯಂಚಾಲಿತ ಯಂತ್ರವನ್ನು ಸಿದ್ಧಪಡಿಸಿದರು. ರಕ್ತಸ್ರಾವ ನಿಲ್ಲಿಸಲು ಬಳಸುತ್ತಿದ್ದ ವಿದ್ಯುತ್ ಪ್ರವಾಹ ಕೆಲವೊಮ್ಮೆ ಪಕ್ಕದ ಕರುಳನ್ನು ಸುಡುತ್ತಿತ್ತು. ದೇಹದ ಮೂಲಕ ವಿದ್ಯುತ್ ಹರಿಸದೆ, ಕೇವಲ ಶಾಖದಿಂದ ರಕ್ತ ಹೆಪ್ಪುಗಟ್ಟಿಸುವ ಸಾಧನವನ್ನು ಅವರು ತಂದರು. ಹಿಂದೆ ಟಾನ್ಸಿಲ್ ಶಸ್ತ್ರಕ್ರಿಯೆಯಲ್ಲಿ ಬಳಕೆಯಲ್ಲಿದ್ದ ಜಾರುಗಂಟಿನ ಕುಣಿಕೆಯನ್ನು ಹೊಟ್ಟೆಯೊಳಗಿನ ರಕ್ತನಾಳ ಬಿಗಿಯಲು ಅಳವಡಿಸಿದರು.

ಕೀಲ್‌ನಲ್ಲಿ ಎದುರಾದ ಪ್ರತಿರೋಧ

1970ರಲ್ಲಿ ಕೀಲ್ ವಿಶ್ವವಿದ್ಯಾಲಯದ ಸ್ತ್ರೀರೋಗ ಚಿಕಿತ್ಸಾ ವಿಭಾಗದ ಮುಖ್ಯಸ್ಥರಾದ ಸೆಮ್ ಅವರಿಗೆ ಸ್ವಾಗತ ಸುಖಕರವಾಗಿರಲಿಲ್ಲ. ಇಂಥ ಶಸ್ತ್ರಕ್ರಿಯೆಗೆ ಇಳಿದವರ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂಬ ಅನುಮಾನದಿಂದ, ಮಿದುಳಿನ ಪರೀಕ್ಷೆ ಮಾಡಿಸಿಕೊಳ್ಳುವಂತೆ ಸಹೋದ್ಯೋಗಿಗಳು ಅವರನ್ನು ಒತ್ತಾಯಿಸಿದ್ದರು.

1980ರ ಸೆಪ್ಟೆಂಬರ್‌ನಲ್ಲಿ ಅವರು ಲ್ಯಾಪರೋಸ್ಕೋಪಿಯ ಮೂಲಕವೇ ಅಪೆಂಡಿಕ್ಸ್ ತೆಗೆದರು. ಸ್ತ್ರೀರೋಗ ತಜ್ಞರೊಬ್ಬರು ತಮ್ಮ ಕ್ಷೇತ್ರಕ್ಕೆ ಕೈಹಾಕಿದರೆಂದು ಶಸ್ತ್ರವೈದ್ಯರು ಕೆರಳಿದರು. ಜರ್ಮನ್ ಶಸ್ತ್ರವೈದ್ಯರ ಸಂಘದ ಅಧ್ಯಕ್ಷರು ಸೆಮ್ ಅವರ ವೈದ್ಯವೃತ್ತಿಯನ್ನೇ ಅಮಾನತುಗೊಳಿಸಬೇಕೆಂದು ಸ್ತ್ರೀರೋಗ ತಜ್ಞರ ಸಂಘಕ್ಕೆ ಪತ್ರ ಬರೆದರು. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು ಈ ಕ್ರಮ ಅನೈತಿಕವೆಂದು ಲೇಖನವನ್ನು ತಿರಸ್ಕರಿಸಿತು. ಅದು ಬೆಳಕು ಕಂಡದ್ದು 1983ರಲ್ಲಿ, ಎಂಡೋಸ್ಕೋಪಿ ಎಂಬ ಪತ್ರಿಕೆಯಲ್ಲಿ. ಸೆಮ್ ಅವರ ಕೆಲಸದಿಂದ ಪ್ರೇರಣೆ ಪಡೆದ ಎರಿಕ್ ಮ್ಯೂಹೆ 1985ರಲ್ಲಿ ಇದೇ ಮಾರ್ಗದಲ್ಲಿ ಪಿತ್ತಕೋಶವನ್ನು ತೆಗೆದರು.

ಪೆಟ್ಟಿಗೆಯೊಳಗಿನ ಪಾಠ

ಟೀಕಾಕಾರರ ಭಯದಲ್ಲಿ ಅಸೂಯೆಯ ಜೊತೆಗೆ ಸತ್ಯವೂ ಇತ್ತು. ಲ್ಯಾಪರೋಸ್ಕೋಪಿಯಲ್ಲಿ ಕೈ ಎಡಕ್ಕೆ ಸರಿದರೆ ಹೊಟ್ಟೆಯೊಳಗಿನ ಉಪಕರಣದ ತುದಿ ಬಲಕ್ಕೆ ಸರಿಯುತ್ತದೆ. ಆಳದ ಅಂದಾಜು ಸಿಗದು, ಬೆರಳಿನ ಸ್ಪರ್ಶಜ್ಞಾನ ಬಹುಪಾಲು ಇಲ್ಲವಾಗುತ್ತದೆ. ತೆರೆದ ಶಸ್ತ್ರಕ್ರಿಯೆಯಲ್ಲಿ ನಿಷ್ಣಾತರಾದವರೂ ಇಲ್ಲಿ ಹೊಸ ವಿದ್ಯಾರ್ಥಿಗಳೇ. ಗರ್ಭಕೋಶದ ವಿಷಯದಲ್ಲಂತೂ ರಕ್ತನಾಳದ ತೀರ ಸಮೀಪದಲ್ಲೇ ಮೂತ್ರನಾಳ ಹಾದುಹೋಗುವುದರಿಂದ ಕೈತಪ್ಪಿಗೆ ಅವಕಾಶವೇ ಇಲ್ಲ.

ಇದಕ್ಕೆ ಸೆಮ್ ನೀಡಿದ ಉತ್ತರವೇ ಪೆಲ್ವಿ ಟ್ರೇನರ್. 1986ರಲ್ಲಿ ಅವರು ಪ್ರಕಟಿಸಿದ ಈ ಸಾಧನ ನೋಡಲು ಕೇವಲ ಒಂದು ಪೆಟ್ಟಿಗೆ. ಮೇಲ್ಭಾಗದ ರಂಧ್ರಗಳಿಂದ ಉಪಕರಣ ಇಳಿಸಿ, ಒಳಗಿಟ್ಟ ಅಂಗಾಂಶದ ಮೇಲೆ ಗಂಟು ಹಾಕುವುದನ್ನೂ ಹೊಲಿಗೆ ಹಾಕುವುದನ್ನೂ ಅಭ್ಯಾಸ ಮಾಡಬೇಕು. ಇಲ್ಲಿ ಗಂಟು ಜಾರಿದರೆ ಯಾರ ರಕ್ತವೂ ಹರಿಯುವುದಿಲ್ಲ, ಮತ್ತೆ ಕಟ್ಟಿದರಾಯಿತು. ಕೈ ಕುದುರಿದ ಮೇಲಷ್ಟೇ ಶಸ್ತ್ರಚಿಕಿತ್ಸಾ ಕೊಠಡಿ. ಲೀಸೆಲಾಟ್ ಮೆಟ್ಲರ್ ಅವರಂಥ ಸಹೋದ್ಯೋಗಿಗಳ ಜೊತೆಗೂಡಿ ಕಟ್ಟಿದ ಕೀಲ್‌ನ ತರಬೇತಿ ಪರಂಪರೆಗೆ ದೇಶವಿದೇಶಗಳ ವೈದ್ಯರು ಬಂದರು.

ಯೋನಿಮಾರ್ಗದಿಂದ ಗರ್ಭಕೋಶ ತೆಗೆಯುವಾಗ ಲ್ಯಾಪರೋಸ್ಕೋಪಿಯ ನೆರವು ಪಡೆಯುವ ಕ್ರಮವನ್ನು ಸೆಮ್ 1984ರಲ್ಲೇ ವಿವರಿಸಿದ್ದರು. ಲ್ಯಾಪರೋಸ್ಕೋಪಿಯ ಮೂಲಕವೇ ಗರ್ಭಕೋಶ ತೆಗೆದ ಕೀರ್ತಿ 1988ರಲ್ಲಿ ಅಮೆರಿಕದ ಹ್ಯಾರಿ ರೀಚ್ ಅವರದಾಯಿತು. 1991ರಲ್ಲಿ ಸೆಮ್ ಮತ್ತೊಂದು ವಿಧಾನ ಮುಂದಿಟ್ಟರು. ಗರ್ಭಕೊರಳಿನ ಒಳತಿರುಳನ್ನು ಮಾತ್ರ ಕೊರೆದು ತೆಗೆದು, ಹೊರಕವಚವನ್ನೂ ಆಧಾರದ ತಂತುಗಳನ್ನೂ ಉಳಿಸಿಕೊಳ್ಳುವುದು ಅದರ ಉದ್ದೇಶ. ಅದು ಎಲ್ಲೆಡೆ ನೆಲೆಯೂರಲಿಲ್ಲ, ತರಬೇತಿಯ ಪೆಟ್ಟಿಗೆ ನೆಲೆಯೂರಿತು.

1995ರಲ್ಲಿ ನಿವೃತ್ತರಾದ ಸೆಮ್ 2003ರ ಜುಲೈ 16ರಂದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ನಿಧನರಾದರು. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಇವ್ಯಾಲ್ಯುಯೇಟ್ ಅಧ್ಯಯನ ಅವರ ಕಾಳಜಿಯನ್ನು ಅಂಕಿಗಳಲ್ಲಿ ತೋರಿಸಿತು. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದವರಲ್ಲಿ ಶೇ 6.2 ಮಂದಿಗೆ ಗಂಭೀರ ತೊಡಕುಗಳಾದರೆ, ಲ್ಯಾಪರೋಸ್ಕೋಪಿಯಲ್ಲಿ ಆ ಪ್ರಮಾಣ ಶೇ 11.1. ಅದೇ ವೇಳೆ ಲ್ಯಾಪರೋಸ್ಕೋಪಿಗೆ ಒಳಗಾದವರಿಗೆ ನೋವು ಕಡಿಮೆಯಿತ್ತು, ಚೇತರಿಕೆ ಬೇಗ ಆಗಿತ್ತು. ಸಣ್ಣ ಗಾಯ ಸಣ್ಣ ಶಸ್ತ್ರಕ್ರಿಯೆಯ ಗುರುತಲ್ಲ. ಅದರ ಲಾಭ ರೋಗಿಗೆ ದಕ್ಕುವುದು ಪಳಗಿದ ಕೈಯಿಂದ. ಕೀಲ್‌ನ ಆ ಪೆಟ್ಟಿಗೆ ವೈದ್ಯಲೋಕಕ್ಕೆ ಬಿಟ್ಟುಹೋದ ಪಾಠವೂ ಇದೇ.