ಗುಳಿಗೆ ಮಾರಿ ಕುಷ್ಠರೋಗಿಗಳನ್ನು ಸಾಕಿದ ಪಾದ್ರಿ

ಸ್ಟೇಟ್‌ಬ್ಯಾಂಕ್‌ನಿಂದ ಹೊರಟ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕಂಕನಾಡಿ ಎಂದು ಕೂಗಿದ ಕೂಡಲೇ ನಾಲ್ಕೈದು ಮಂದಿ ಎದ್ದು ನಿಲ್ಲುತ್ತಾರೆ. ಒಬ್ಬರ ಕೈಯಲ್ಲಿ ಗಂಜಿಯ ಬುತ್ತಿ, ಇನ್ನೊಬ್ಬರ ಕಂಕುಳಲ್ಲಿ ಎಕ್ಸ್‌ರೇ ಕವರು. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಮುಲ್ಲರಿಗೆ! ಅಜ್ಜಿಯನ್ನು ಮುಲ್ಲರಿಗೆ ಸೇರಿಸಿದರು, ಮುಲ್ಲರಿನಲ್ಲಿ ಆಪರೇಶನ್ ಆಯಿತು, ಮುಲ್ಲರಿನ ಬಿಲ್ಲು ಇನ್ನೂ ಬಂದಿಲ್ಲ... ಊರಿನ ಬಾಯಲ್ಲಿ ಮುಲ್ಲರ್ ಎಂದರೆ ಈಗ ಮನುಷ್ಯನಲ್ಲ, ಕಟ್ಟಡ. ಬೋರ್ಡಿನ ಮೇಲೆ ಏರಿದ ಹೆಸರುಗಳಿಗೆಲ್ಲ ಇದೇ ಗತಿ. ಆದರೆ ಈ ಹೆಸರಿನ ಹಿಂದೆ ಒಬ್ಬ ಬಡ ಪಾದ್ರಿ ಇದ್ದರು. ಅವರ ಮೊದಲ ಆಸ್ಪತ್ರೆಗೆ ಗೋಡೆಯೇ ಇರಲಿಲ್ಲ.

ಆಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರಲ್ಲಿ, ವೆಸ್ಟ್‌ಫಾಲಿಯಾದಲ್ಲಿ. ಈಗಿನ ಜರ್ಮನಿಗೆ ಸೇರಿದ ಆ ಪ್ರಾಂತ ಆಗ ಪ್ರಷ್ಯಾ ರಾಜ್ಯದ ಕೈಯಲ್ಲಿತ್ತು. ಅವರು ಸೇರಿದ್ದು ಯೇಸು ಸಭೆಗೆ, ಅಂದರೆ ಜೆಸ್ವಿಟ್ ಪಾದ್ರಿಗಳ ಬಳಗಕ್ಕೆ. ಈ ಬಳಗದವರು ಮೂರು ಪ್ರತಿಜ್ಞೆ ಮಾಡಬೇಕು. ಬಡತನ, ಬ್ರಹ್ಮಚರ್ಯ, ವಿಧೇಯತೆ. ಬಡತನವೆಂದರೆ ಮಾತಿನ ಬಡತನವಲ್ಲ ಸ್ವಾಮಿ, ಸ್ವಂತದ್ದೆಂದು ಒಂದು ಕಾಸೂ ಇಟ್ಟುಕೊಳ್ಳುವಂತಿಲ್ಲ. ಇದನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ದುಡ್ಡಿನ ಮಾತು ಬರಲಿಕ್ಕುಂಟು.

ಮಂಗಳೂರಿನ ಕೆಥೊಲಿಕರಿಗೆ ಆಗ ಒಂದು ದೊಡ್ಡ ಕೊರತೆ ಇತ್ತು. ಮಕ್ಕಳಿಗೆ ಮೇಲಿನ ಶಿಕ್ಷಣ ಕೊಡುವವರು ಬೇಕು. ಜೆಸ್ವಿಟರನ್ನು ಕಳಿಸಿಕೊಡಿ ಎಂದು ಅವರು ರೋಮಿಗೆ ಅರ್ಜಿ ಹಾಕಿದ್ದರು. 1878ರಲ್ಲಿ ಪೋಪ್ 13ನೇ ಲಿಯೋ ಮಂಗಳೂರು ಮಿಷನ್ನನ್ನು ಜೆಸ್ವಿಟರಿಗೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಪಾದ್ರಿಗಳ ಮೊದಲ ತಂಡ ಊರು ಮುಟ್ಟಿತು. ಮುಲ್ಲರ್ ಆ ತಂಡದಲ್ಲೇ ಇದ್ದರು. ಮಂಗಳೂರಿಗೆ ಆಗ ರೈಲಿಲ್ಲ. ರೈಲು ಬಂದದ್ದು 1907ರಲ್ಲಿ. ಹೊರದೇಶದಿಂದ ಬರುವುದೆಂದರೆ ಹಡಗು, ದೋಣಿ, ಎತ್ತಿನಗಾಡಿ. ಜಿಲ್ಲೆಯ ಹೆಸರು ಸೌತ್ ಕೆನರಾ, ಆಡಳಿತವೆಲ್ಲ ಮದರಾಸಿನಿಂದ.

1880ರ ಜನವರಿಯಲ್ಲಿ ಕೊಡಿಯಾಲಬೈಲಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಬಾಗಿಲು ತೆರೆಯಿತು. ಮುಲ್ಲರ್ ಅಲ್ಲಿ ಮೇಷ್ಟ್ರು. ಅವರು ಬಂದದ್ದೇ ಪಾಠ ಹೇಳಲಿಕ್ಕೆ. ವೈದ್ಯಕೀಯಕ್ಕಲ್ಲ. ಆದರೆ ಅವರ ಹತ್ತಿರ ಒಂದು ಔಷಧಿ ಪೆಟ್ಟಿಗೆ ಇತ್ತು. ಒಳಗೆ ಹೋಮಿಯೋಪತಿಯ ಸಕ್ಕರೆ ಗುಳಿಗೆ. ಜರ್ಮನಿಯಲ್ಲಿ ಹಾನೆಮನ್ ಎಂಬ ವೈದ್ಯ ಹುಟ್ಟುಹಾಕಿದ ಪದ್ಧತಿ ಅದು. ಹುಷಾರಿಲ್ಲದ ವಿದ್ಯಾರ್ಥಿಗಳಿಗೆ ಮೊದಲು ಕೊಟ್ಟರು. ಹುಡುಗರು ಮನೆಗೆ ಹೋಗಿ ಹೇಳದೆ ಇರುತ್ತಾರೆಯೇ? ಪಾದ್ರಿಯ ಹತ್ತಿರ ಸಿಹಿ ಮದ್ದು ಉಂಟಂತೆ, ದುಡ್ಡು ಕೇಳುವುದಿಲ್ಲವಂತೆ ಎಂಬ ಸುದ್ದಿಗೆ ಪೇಪರು ಬೇಕಾಗಿಲ್ಲ. ಬಡವರೂ ಬರತೊಡಗಿದರು. ಕಂಕನಾಡಿಯ ಆಲದ ಮರದ ಬುಡವೇ ಔಷಧಾಲಯವಾಯಿತು ಎಂದು ಊರಿನ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅದೇ 1880ರಲ್ಲಿ ಅದಕ್ಕೊಂದು ಹೆಸರೂ ಬಿತ್ತು, ಹೋಮಿಯೋಪಥಿಕ್ ಪೂವರ್ ಡಿಸ್ಪೆನ್ಸರಿ. ಬಡವರ ಔಷಧಾಲಯ. ಹೆಸರಿನಲ್ಲೇ ಗಿರಾಕಿ ಯಾರೆಂದು ಬರೆದ ಅಂಗಡಿ ಬೇರೆ ಎಲ್ಲಾದರೂ ಉಂಟೇ?

ಈ ಗುಳಿಗೆಗೆ ರೋಗ ವಾಸಿ ಮಾಡುವ ಶಕ್ತಿ ಉಂಟೋ ಇಲ್ಲವೋ ಎಂಬ ತಕರಾರು ಹಳೆಯದು. ಇಂದಿನ ವಿಜ್ಞಾನಿಗಳಲ್ಲಿ ಹೆಚ್ಚಿನವರು ಇಲ್ಲ ಎಂದೇ ಹೇಳುತ್ತಾರೆ. ನಂಬಿದವರು ನಂಬಿಕೊಂಡೇ ಇದ್ದಾರೆ. ಆದರೆ 1880ನ್ನು 1880ರ ಕಣ್ಣಿನಿಂದಲೇ ನೋಡಬೇಕು. ರೋಗಕ್ಕೆ ಕಣ್ಣಿಗೆ ಕಾಣದ ಕ್ರಿಮಿ ಕಾರಣ ಎಂಬುದೇ ಇನ್ನೂ ಹೊಸ ಮಾತು. ಪೆನ್ಸಿಲಿನ್ ಬರಲು ಅರ್ಧ ಶತಮಾನ ಬಾಕಿ. ದೊಡ್ಡ ಡಾಕ್ಟರುಗಳು ಕೊಡುತ್ತಿದ್ದ ಪಾದರಸದ ಔಷಧಿಯಿಂದಲೇ ಹಲ್ಲು ಉದುರುವ ಕಾಲ. ಅಂಥ ಹೊತ್ತಿನಲ್ಲಿ ಬಡವನನ್ನು ಎದುರಿಗೆ ಕೂರಿಸಿ, ಎಲ್ಲಿ ನೋವು, ರಾತ್ರಿ ನಿದ್ದೆ ಉಂಟಾ, ಹೊಟ್ಟೆಗೆ ಏನು ತಿಂದೆ ಎಂದು ಒಂದೊಂದಾಗಿ ವಿಚಾರಿಸುವುದು ಹೋಮಿಯೋಪತಿಯ ಕ್ರಮ. ಅಷ್ಟು ಕೇಳುವವರೇ ಇಲ್ಲದ ಜನಕ್ಕೆ ಅರ್ಧ ಜ್ವರ ಅಲ್ಲೇ ಇಳಿದಿರಬೇಕು.

ಪುಕ್ಕಟೆ ಕೊಡುವುದು ಸುಲಭ. ಕೊಡುತ್ತಾ ಇರುವುದು ಕಷ್ಟ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಔಷಧಿ ಹಡಗಿನಲ್ಲಿ ಬರಬೇಕು, ಬಾಡಿಗೆ ಕಟ್ಟಬೇಕು, ಸೀಸೆ ಬೇಕು, ಬೆಂಡು ಬೇಕು, ಸಕ್ಕರೆ ಗುಳಿಗೆ ಬೇಕು. ವರ್ಷಕ್ಕೊಮ್ಮೆ ಯಾರೋ ಶ್ರೀಮಂತರು ಕೊಟ್ಟ ದಾನದಲ್ಲಿ ಎಷ್ಟು ದಿನ ನಡೆದೀತು? ಮುಲ್ಲರ್ ಇಲ್ಲಿ ಶುದ್ಧ ವ್ಯಾಪಾರಿಯ ತಲೆ ಓಡಿಸಿದರು. ಬಡವನಿಗೆ ಪುಕ್ಕಟೆ, ಕೊಡಲು ಶಕ್ತಿ ಇದ್ದವನಿಗೆ ಕ್ರಯಕ್ಕೆ. ಔಷಧಿ ತರಿಸಿ, ಸೀಸೆಗೆ ತುಂಬಿಸಿ, ಅಂಚೆಯಲ್ಲಿ ಪರವೂರುಗಳಿಗೆ ಕಳಿಸುವ ಏರ್ಪಾಡು ಬೆಳೆಯಿತು. ಕಂಕನಾಡಿಯ ಹೆಸರನ್ನೇ ಕೇಳದ ಊರುಗಳಲ್ಲೂ ಫಾದರ್ ಮುಲ್ಲರ್ ಔಷಧಿ ಎಂಬ ಹೆಸರು ಓಡಾಡತೊಡಗಿತು. ಬಂದ ಲಾಭ ಡಿಸ್ಪೆನ್ಸರಿಗೆ, ಆ ಮೇಲೆ ರೋಗಿಗಳ ಗಂಜಿಗೆ, ಬಟ್ಟೆಗೆ, ಮಾಡಿಗೆ.

ಈ ಊರಿಗೆ ಇಂಥ ಲೆಕ್ಕ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲೇ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದು ಜನರಿಗೆ ಕೂಲಿಯನ್ನೂ ಮಿಷನ್ನಿಗೆ ಆದಾಯವನ್ನೂ ಹುಟ್ಟಿಸಿದ್ದರು. ಅವರು ಪ್ರೊಟೆಸ್ಟಂಟರು, ಇವರು ಕೆಥೊಲಿಕರು. ಪೂಜೆಯಲ್ಲಿ ಹೊಂದಿಕೆ ಇಲ್ಲದಿದ್ದರೂ ಕಿರ್ದಿ ಪುಸ್ತಕದಲ್ಲಿ ಇಬ್ಬರದೂ ಒಂದೇ ಬುದ್ಧಿ! ಇಬ್ಬರೂ ಸಮುದ್ರ ದಾಟಿ ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಆದರೆ ಬಡವರ ಡಿಸ್ಪೆನ್ಸರಿಯಲ್ಲಿ ಜಾತಿ ಮತ ಕೇಳುವ ಪದ್ಧತಿ ಇರಲಿಲ್ಲ. ಹೊಟ್ಟೆನೋವಿಗೆ ಜಾತಿ ಉಂಟಾ?

ಹೊಟ್ಟೆನೋವು, ಕೆಮ್ಮು, ಜ್ವರದ ಮಟ್ಟಿಗೆ ನಿಂತಿದ್ದರೆ ಮುಲ್ಲರ್ ಒಬ್ಬ ಒಳ್ಳೆಯ ಪಾದ್ರಿ ಎನ್ನಿಸಿಕೊಂಡು ಹೋಗುತ್ತಿದ್ದರು. 1890ರಲ್ಲಿ ಅವರು ಕೈಹಾಕಿದ್ದು ಊರಿಗೆ ಊರೇ ಮುಖ ತಿರುಗಿಸುವ ಕೆಲಸಕ್ಕೆ. ದೊಡ್ಡ ರೋಗ. ಹೆಸರು ಹೇಳಲೂ ಹೆದರಿ ಜನ ಹಾಗೆ ಕರೆಯುತ್ತಿದ್ದದ್ದು ಕುಷ್ಠರೋಗವನ್ನು. ಬಂದವನಿಗೆ ಮನೆ ಇಲ್ಲ, ಬಾವಿ ಇಲ್ಲ, ಹೆಂಡತಿ ಮಕ್ಕಳಿಲ್ಲ. ಸಂತೆಯ ದಾರಿಯಲ್ಲಿ, ದೇವಸ್ಥಾನ ಇಗರ್ಜಿಗಳ ಹೊರಗೆ, ದೂರದಿಂದ ಎಸೆದ ಕಾಸೇ ಗತಿ. ಅದು ಪೂರ್ವಜನ್ಮದ ಪಾಪವಲ್ಲ, ಒಂದು ಕ್ರಿಮಿಯಿಂದ ಬರುವ ರೋಗ ಎಂದು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದ. ಆದರೆ ಕ್ರಿಮಿ ಎಂದು ಗೊತ್ತಾದದ್ದರಿಂದ ಜನರ ಹೆದರಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. 1898ರಲ್ಲಿ ಬ್ರಿಟಿಷ್ ಸರಕಾರ ಕಾಯ್ದೆಯನ್ನೇ ತಂದು, ಬೀದಿಯಲ್ಲಿ ಭಿಕ್ಷೆ ಬೇಡುವ ಕುಷ್ಠರೋಗಿಯನ್ನು ಹಿಡಿದು ಆಶ್ರಮದೊಳಗೆ ಕೂಡಿಹಾಕಬಹುದು ಎಂದಿತು.

ಜಗತ್ತಿನ ಕಣ್ಣು ಈ ರೋಗದ ಕಡೆ ತಿರುಗಿದ್ದು ಒಬ್ಬ ಪಾದ್ರಿಯ ಸಾವಿನಿಂದ. ಹವಾಯಿ ದ್ವೀಪಗಳ ಮೊಲೊಕಾಯ್‌ನಲ್ಲಿ ಕುಷ್ಠರೋಗಿಗಳ ನಡುವೆ 16 ವರ್ಷ ಬದುಕಿ, ಅವರ ಹುಣ್ಣು ಕಟ್ಟಿ, ಶವಪೆಟ್ಟಿಗೆ ಮಾಡಿ, ಗುಂಡಿ ತೋಡಿ, ಕೊನೆಗೆ ತನಗೂ ಅದೇ ರೋಗ ತಗಲಿ ಬೆಲ್ಜಿಯಂನ ಫಾದರ್ ಡೇಮಿಯನ್ ತೀರಿಕೊಂಡದ್ದು 1889ರ ಏಪ್ರಿಲ್‌ನಲ್ಲಿ. ಆ ಸುದ್ದಿಯಿಂದ ಲಂಡನ್ ಕೂಡ ಅಲುಗಾಡಿತು. ಅಲ್ಲಿ ಒಂದು ನಿಧಿ ಕೂಡಿಸಿ, ಕುಷ್ಠವನ್ನು ಅಭ್ಯಾಸ ಮಾಡಲು ಭಾರತಕ್ಕೆ ಒಂದು ಆಯೋಗವನ್ನೇ ಕಳಿಸಿದರು. ಡೇಮಿಯನ್ ಹುಟ್ಟಿದ್ದು 1840, ಮುಲ್ಲರ್ 1841. ಒಂದೇ ವಾರಿಗೆಯವರು. ಡೇಮಿಯನ್ ಸತ್ತ ಮರುವರ್ಷವೇ ಕಂಕನಾಡಿಯಲ್ಲಿ ಕುಷ್ಠರೋಗಿಗಳ ಆಶ್ರಮದ ಬಾಗಿಲು ತೆರೆಯಿತು.

ಆಶ್ರಮ ಎಂದರೆ ಏನು ಕೆಲಸ? ಕುಷ್ಠ ಬಂದ ಕಾಲಿಗೆ ನೋವು ಗೊತ್ತಾಗುವುದಿಲ್ಲ. ಮುಳ್ಳು ಹೊಕ್ಕರೂ ತಿಳಿಯದು, ಕೆಂಡ ತುಳಿದರೂ ತಿಳಿಯದು. ಗಾಯ ಕೊಳೆತು ವಾಸನೆ ಬಂದ ಮೇಲೆಯೇ ಗೊತ್ತು. ಆದ್ದರಿಂದ ದಿನವೂ ಕಾಲು ನೋಡಬೇಕು, ತೊಳೆಯಬೇಕು, ಬಟ್ಟೆ ಕಟ್ಟಬೇಕು. ನಾಳೆ ಪುನಃ ಅದೇ. ಶುಭ ಶುಕ್ರವಾರದ ಹಿಂದಿನ ದಿನ ಇಗರ್ಜಿಗಳಲ್ಲಿ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುವುದನ್ನು ಮಂಗಳೂರಿನವರೆಲ್ಲ ಬಲ್ಲರು. ಸಾಯುವ ಹಿಂದಿನ ರಾತ್ರಿ ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ನಡೆಯುವ ಕ್ರಮ ಅದು. ಇಗರ್ಜಿಯಲ್ಲಿ ವರ್ಷಕ್ಕೊಂದು ದಿನ, ತೊಳೆದ ಕಾಲನ್ನೇ ಇನ್ನೊಮ್ಮೆ ತೊಳೆಯುವುದು. ಕುಷ್ಠಾಶ್ರಮದಲ್ಲಿ ಮುನ್ನೂರ ಅರುವತ್ತೈದು ದಿನ, ಯಾರೂ ಮುಟ್ಟದ ಕಾಲು.

ಔಷಧಿಯ ಮಟ್ಟಿಗೆ ಮುಲ್ಲರ್ ಕೈಗೆ ಸಿಕ್ಕಿದ್ದನ್ನೆಲ್ಲ ಪ್ರಯತ್ನಿಸಿದರು. ಇಟಲಿಯ ಕೌಂಟ್ ಮತ್ತೇಯಿ ಎಂಬುವನ ಔಷಧಿಗಳನ್ನೂ ಕುಷ್ಠಕ್ಕೆ ಕೊಟ್ಟು ನೋಡಿದರು. ಆ ಮತ್ತೇಯಿ ತನ್ನ ಔಷಧಿಯ ಗುಟ್ಟನ್ನೇ ಬಿಟ್ಟುಕೊಡದ ಆಸಾಮಿ. ಅದರಿಂದ ರೋಗ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಕುಷ್ಠದ ಕ್ರಿಮಿಯನ್ನು ತಡೆಯುವ ಮಾತ್ರೆ ಬಂದದ್ದು 1940ರ ನಂತರ. ಎರಡು ಮೂರು ಮಾತ್ರೆ ಸೇರಿಸಿ ಕೊಟ್ಟು ಪೂರ್ತಿ ವಾಸಿ ಮಾಡುವ ಕ್ರಮ ಬಂದದ್ದು 1980ರ ದಶಕದಲ್ಲಿ. ಅಂದರೆ ಮುಲ್ಲರ್ ಸಾಕಿದ ರೋಗಿಗಳಿಗೆ ವಾಸಿಯಾಗಿ ಮನೆಗೆ ಹೋಗುವ ದಾರಿ ಇರಲಿಲ್ಲ. ಅವರಿಗೆ ಸಿಕ್ಕಿದ್ದು ತಲೆಯ ಮೇಲೊಂದು ಮಾಡು, ಹೊತ್ತಿಗೆ ಊಟ, ಹುಣ್ಣಿಗೆ ಶುದ್ಧ ಬಟ್ಟೆ, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ. ವಾಸಿಯಾಗದವರನ್ನು ಸಾಕುವುದಕ್ಕೆ ಯಾವ ಡಾಕ್ಟರಿಗೂ ಹೆಸರು ಬರುವುದಿಲ್ಲ. ಆದರೂ ಆಶ್ರಮ ಮುಚ್ಚಲಿಲ್ಲ.

1895ರಲ್ಲಿ ಪಕ್ಕದಲ್ಲೇ ಸಾಮಾನ್ಯ ರೋಗಿಗಳಿಗೆ ಆಸ್ಪತ್ರೆ ಆಯಿತು. ಈಗಿನ ದೊಡ್ಡ ಕಟ್ಟಡಗಳ ಮೂಲ ಅದು.

ಅಷ್ಟರಲ್ಲಿ ಪ್ಲೇಗ್ ಮಾರಿ ಹೊರಟಿತ್ತು. 1896ರಲ್ಲಿ ಮುಂಬಯಿ, 1898ರಲ್ಲಿ ಬೆಂಗಳೂರು, ಮೈಸೂರು. ಇಲಿ ಬಿದ್ದರೆ ಮನೆ ಬಿಟ್ಟು ಓಡಬೇಕು. ಊರ ಹೊರಗೆ ಗುಡಿಸಲು. ಸತ್ತವರನ್ನು ಹೊರಲಿಕ್ಕೆ ಸ್ವಂತ ಅಣ್ಣತಮ್ಮಂದಿರೇ ಹಿಂದೆಮುಂದೆ ನೋಡುವ ಕಾಲ. ಸರಕಾರ 1897ರಲ್ಲಿ ಸಾಂಕ್ರಾಮಿಕ ರೋಗದ ಕಾಯ್ದೆ ತಂದು ಮನೆಮನೆ ಹೊಕ್ಕಿತು. ಅದೇ ಹಳೆ ಕಾಯ್ದೆಯನ್ನು 2020ರಲ್ಲಿ ಕೊರೊನಾ ಬಂದಾಗ ಪುನಃ ಹೊರಗೆ ತೆಗೆದದ್ದು ಎಲ್ಲರಿಗೂ ನೆನಪಿರಬಹುದು. ಶಟರು ಎಳೆದು ಕೂತ ಅಂಗಡಿಯವರಿಗಂತೂ ಹೆದರಿಕೆಯ ರುಚಿ ಎಂಥದ್ದೆಂದು ಗೊತ್ತು. ಆ ಹೆದರಿಕೆಯ ಹತ್ತು ಪಾಲು 1902ರಲ್ಲಿ ಇತ್ತು. ಊರು ದೂರ ತಳ್ಳುವ ರೋಗಿಗಳಿಗೆ ಕಂಕನಾಡಿಯಲ್ಲಿ ಪ್ಲೇಗ್ ಆಸ್ಪತ್ರೆ ತೆರೆದದ್ದು ಆ ವರ್ಷವೇ. ಮುಲ್ಲರಿಗೆ ಆಗ ವಯಸ್ಸು ಅರುವತ್ತು ದಾಟಿತ್ತು. ಕಾಲೇಜಿನಲ್ಲಿ ಪಾಠ ಹೇಳಿ ಗೌರವವಾಗಿ ಮುದುಕರಾಗಬಹುದಿತ್ತು. ಹಾಗೆ ಮಾಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಬ್ರಿಟಿಷ್ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಸಾರ್ವಜನಿಕ ಸೇವೆಗೆ ಕೊಡುವ ಪದಕ ಅದು. ಪದಕದಿಂದ ರೋಗಿಗಳಿಗೆ ಗಂಜಿ ಬೇಯುವುದಿಲ್ಲ ಎನ್ನುವುದು ಬೇರೆ ಮಾತು. ಗಂಜಿ ಬೇಯಿಸಿದ್ದು ಸೀಸೆ ಗುಳಿಗೆಯ ವ್ಯಾಪಾರ ಮತ್ತು ಊರಿನ ಕೈ.

1910ರ ನವೆಂಬರ್ 1ರಂದು ಮುಲ್ಲರ್ ತೀರಿಕೊಂಡರು. ಬಂದು 32 ವರ್ಷಕ್ಕೆ ಎರಡೇ ತಿಂಗಳು ಕಡಿಮೆ. ಈಗ ಆ ದಿನ ನಮಗೆಲ್ಲ ರಾಜ್ಯೋತ್ಸವ. ಕ್ರೈಸ್ತರಿಗೆ ಅಂದೂ ಇಂದೂ ಸಕಲ ಸಂತರ ಹಬ್ಬ. ಹೆಸರು ಗೊತ್ತಿರುವ, ಗೊತ್ತಿಲ್ಲದ ಸಂತರನ್ನೆಲ್ಲ ಒಟ್ಟಿಗೆ ನೆನೆಯುವ ದಿನ. ರೋಮಿನವರು ಡೇಮಿಯನ್‌ನನ್ನು 2009ರಲ್ಲಿ ಸಂತನೆಂದು ಸಾರಿದರು. ಮುಲ್ಲರಿಗೆ ಆ ಪದವಿ ಸಿಕ್ಕಿಲ್ಲ. ಬಸ್ ಸ್ಟಾಪಿನ ಹೆಸರು ಸಿಕ್ಕಿದೆ.

ಅವರ ನಂತರ ಸಂಸ್ಥೆಯ ಆಡಳಿತ ಮಂಗಳೂರು ಧರ್ಮಪ್ರಾಂತದ ಕೈಗೆ ಬಂತು. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಅಲೋಪತಿಯ ಮೆಡಿಕಲ್ ಕಾಲೇಜು. ಗೋಡೆ ಇಲ್ಲದೆ ಶುರುವಾದಲ್ಲಿ ಈಗ ಸಾವಿರಕ್ಕೂ ಹೆಚ್ಚು ಹಾಸಿಗೆ. ಹೋಮಿಯೋಪತಿ ಔಷಧಿ ತಯಾರಿಯೂ ನಡೆದುಕೊಂಡು ಬಂದಿದೆ. ದೊಡ್ಡ ಆಸ್ಪತ್ರೆಗೆ ದೊಡ್ಡ ಆಸ್ಪತ್ರೆಯ ಖರ್ಚು, ಬಿಲ್ಲು, ಕ್ಯೂ ಎಲ್ಲ ಇರುತ್ತದೆ. ಕೌಂಟರಿನ ಮುಂದೆ ನಿಂತು ಪರ್ಸು ತಡವುವವನಿಗೆ ಪೂವರ್ ಡಿಸ್ಪೆನ್ಸರಿ ಎಂಬ ಹಳೆಯ ಹೆಸರು ಗೊತ್ತಿದ್ದರೆ ಕೇಳಲಿಕ್ಕೆ ಸ್ವಲ್ಪ ಧೈರ್ಯ ಬಂದೀತು.

ಕುಷ್ಠರೋಗ ಇನ್ನೂ ಪೂರ್ತಿ ಹೋಗಿಲ್ಲ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ಉಳಿದಿಲ್ಲ ಎಂದು ಭಾರತ 2005ರ ಡಿಸೆಂಬರ್‌ನಲ್ಲಿ ಘೋಷಿಸಿತಾದರೂ ಹೊಸ ರೋಗಿಗಳು ಕಾಣಿಸಿಕೊಳ್ಳುತ್ತಲೇ ಇದ್ದಾರೆ. ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬೇಗ ತೋರಿಸಿದರೆ ಬೆರಳು ಕಾಲು ಎಲ್ಲ ಉಳಿಯುತ್ತದೆ. ಕೂಡಿಹಾಕುವ 1898ರ ಆ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠ ಬಂತೆಂಬ ಕಾರಣಕ್ಕೆ ಗಂಡನೋ ಹೆಂಡತಿಯೋ ವಿಚ್ಛೇದನ ಕೇಳಬಹುದು ಎಂಬ ಕಾನೂನು ತೆಗೆದುಹಾಕಿದ್ದು 2019ರಲ್ಲಿ. ಕಂಕನಾಡಿಯ ಆಶ್ರಮ ಬಾಗಿಲು ತೆರೆದು ಆಗ 129 ವರ್ಷ ಆಗಿತ್ತು.